ಮೇಲ್ಸೇತುವೆಯ ಕೆಳಗಿನ ಭಾನುವಾರ

ಶನಿವಾರ ರಾತ್ರಿ ಮತ್ತಿಕೆರೆಯಿಂದ ತಂಗಿಯ ಫೋನು. "ಅಕ್ಕಾ, ಬೆಳಗ್ಗೆ ನಾಲ್ಕಕ್ಕೆ ರೆಡಿಯಾಗಿರು. ನಂದಿಬೆಟ್ಟದಲ್ಲಿ ಸೂರ್ಯ ಹುಟ್ಟೋದು ನೋಡ್ಕೊಂಡು ಬರೋಣ." ಆರ್.ಟಿ. ನಗರದ ನಮ್ಮ ಮನೆಯ ಮುಂದೆ ಹೇಳಿದ ಹೊತ್ತಿಗೆ ಕಾರು ಬಂದು ನಿಂತಿತು. ನಮ್ಮಂತೆಯೇ ಯೋಚಿಸಿದವರು ಬೆಂಗಳೂರಿನಲ್ಲಿ ಎಷ್ಟು ಜನವೋ, ಬೆಟ್ಟದ ಬುಡದಲ್ಲೇ ಕಾರು, ಬೈಕುಗಳ ಸಾಲು ಕಟ್ಟಿತ್ತು. ಒಂದು ಗಜ ಮುಂದೆ, ಐದು ನಿಮಿಷ ನಿಲುಗಡೆ. "ದೊಡ್ಡಮ್ಮಾ, ಸೂರ್ಯ ಬಂದೇಬಿಟ್ಟ" ಅಂತ ತಂಗಿಯ ಮಗ ಹಿಂದಿನ ಸೀಟಿನಿಂದ ಕೂಗಿದಾಗ ನಮ್ಮ ಕಣ್ಣೆದುರು ಇದ್ದದ್ದು ಒಂದು ಟೆಂಪೊ ಟ್ರಾವೆಲರ್‌ನ ಬೆನ್ನು ಮಾತ್ರ. ಹುಡುಗನ ಮುಖ ಬಾಡಿದ್ದು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ವಾಪಸು ಬರುವಾಗ ಹೆಬ್ಬಾಳದ ಮೇಲ್ಸೇತುವೆ ಹತ್ತುವ ಮೊದಲೇ ಕಾರನ್ನು ಸರ್ವಿಸ್ ರಸ್ತೆಗೆ ಇಳಿಸಲು ಹೇಳಿದೆ. ಹಳೇ ಹೆಬ್ಬಾಳದ ಓಣಿಗಳ ನಡುವೆ, ಚಿಕ್ಕದೊಂದು ಮಂಟಪದಲ್ಲಿ ಒಂದು ಕಲ್ಲು ನಿಂತಿದೆ. ಅದರ ಮೇಲೆ ಆಯುಧ ಹಿಡಿದ ಒಬ್ಬ ವೀರ, ಸುತ್ತ ಅಕ್ಷರ. ಆ ವೀರನ ಹೆಸರು ಕಿತ್ತಯ್ಯ. ಗಂಗ ದೊರೆ ಶ್ರೀಪುರುಷ ಆಳುತ್ತಿದ್ದ ಕಾಲದಲ್ಲಿ, ಅಂದರೆ ಕ್ರಿ.ಶ. 750ರ ಆಸುಪಾಸಿನಲ್ಲಿ, ಈ ನಾಡಿನ ಮೇಲೆ ದಾಳಿ ನಡೆದಾಗ ಕಾದಾಡಿ ಸತ್ತವನು. ಬೆಂಗಳೂರು ಸೀಮೆಯಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಹಳೆಯದು. 'ಬೆಂಗಳೂರು' ಎಂಬ ಹೆಸರಿರುವ ಬೇಗೂರಿನ ಶಾಸನ ಸುಮಾರು 890ರದು. ಹೆಬ್ಬಾಳದ ಕಲ್ಲು ಅದಕ್ಕಿಂತ ನೂರನಲವತ್ತು ವರ್ಷ ಹಿರಿಯದು.

2018ರಲ್ಲಿ ಈ ಕಲ್ಲು ಬೆಳಕಿಗೆ ಬಂತು. ಊರಿನವರೂ ಇತಿಹಾಸದ ಮೇಲೆ ಪ್ರೀತಿಯಿದ್ದವರೂ ಹಣ ಕೂಡಿಸಿ ಅದಕ್ಕೊಂದು ನೆರಳು ಮಾಡಿದರು. ಅವರಲ್ಲೊಬ್ಬರಾದ ಪಿ.ಎಲ್. ಉದಯಕುಮಾರ್ ಮತ್ತು ಅವರ ಜೊತೆಗಾರರು ಕಲ್ಲನ್ನು 3ಡಿ ಸ್ಕ್ಯಾನ್ ಮಾಡಿ, ಸವೆದ ಅಕ್ಷರಗಳನ್ನು ಸ್ಪಷ್ಟವಾಗಿ ಓದುವಂತೆ ಮಾಡಿದರು. ಅದೇ ಕೆಲಸ ಮುಂದೆ ಮಿಥಿಕ್ ಸೊಸೈಟಿಯ ಯೋಜನೆಯಾಗಿ ಬೆಳೆದು, ಬೆಂಗಳೂರು ಸುತ್ತಲಿನ ನೂರಾರು ಶಾಸನಗಳಿಗೆ ಮುಟ್ಟಿತು. ಕಿತ್ತಯ್ಯನ ಕಲ್ಲಿನಲ್ಲಿ ಈ ಜಾಗದ ಹೆಸರು 'ಪೆರ್ಬೊಳಲ್ ನಾಡು'. ಹಳಗನ್ನಡದಲ್ಲಿ ಪೆರ್ ಅಂದರೆ ಹಿರಿದು, ಪೊಳಲ್ ಅಂದರೆ ಊರು, ಪಟ್ಟಣ. ಪಾಲು ಹಾಲಾಯಿತು, ಪೂವು ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ಅದೇ ದಾರಿಯಲ್ಲಿ ಪೆರ್ಬೊಳಲ್ ಹೆಬ್ಬಾಳವಾಯಿತು. ಇಷ್ಟು ಹೇಳಿದ ಮೇಲೆ ಹುಡುಗ ಕಲ್ಲಿನ ಹತ್ತಿರ ಹೋಗಿ ಬಗ್ಗಿ ನೋಡಿ ಕೇಳಿದ, "ಇದೂ ಕನ್ನಡಾನಾ ದೊಡ್ಡಮ್ಮ?" ಬೆಳಗಿನ ಬೇಸರ ಅವನ ಮುಖದಿಂದ ಹೋಗಿತ್ತು. ಅಲ್ಲಿ ಕಳೆದದ್ದು ಅರ್ಧ ಗಂಟೆ. ಖರ್ಚು ಏನೂ ಇಲ್ಲ.

ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಮಾತು ಕೂತಿದೆ. ಬಳ್ಳಾರಿ ರಸ್ತೆಯನ್ನು ನಾವು ದಾಟಿಹೋಗುವ ರಸ್ತೆ ಮಾಡಿಕೊಂಡಿದ್ದೇವೆ. 2003ರಲ್ಲಿ ಮೇಲ್ಸೇತುವೆ ಬಂತು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಬಂತು. ಆಮೇಲೆ ಹೆಬ್ಬಾಳ, ಜಕ್ಕೂರು, ಯಲಹಂಕ ಎಲ್ಲವೂ ಹಸಿರು ಫಲಕದ ಮೇಲಿನ ಬರೀ ಹೆಸರುಗಳಾದವು. ಆದರೆ ಈ ಸೀಮೆ ಇನ್ನೂ ಬೆಳೆ, ಕೆರೆ, ಜಾತ್ರೆಗಳ ಲೆಕ್ಕದಲ್ಲೇ ಉಸಿರಾಡುತ್ತಿದೆ. ಇಲ್ಲಿ ಯಾವ ಭಾನುವಾರ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಹೊಲ ಹೇಳುತ್ತದೆ, ಪಂಚಾಂಗ ಹೇಳುತ್ತದೆ. ಆ ಮಾತು ಕೇಳಿ ಹೊರಟರೆ ಐದು ಮೈಲಿಯೊಳಗೇ ಒಂದು ಇಡೀ ದಿನ ತುಂಬಿಬರುತ್ತದೆ.

ನವೆಂಬರಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಆಗ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ. ಉತ್ತರ ಬೆಂಗಳೂರಿನ ಅತಿ ದೊಡ್ಡ ಜಾತ್ರೆ ಯಾವುದೆಂದು ಕೇಳಿದರೆ ನಾನು ಇದನ್ನೇ ಹೆಸರಿಸುತ್ತೇನೆ. ನಾಲ್ಕು ದಿನ ನಡೆಯುತ್ತದೆ. ತುಮಕೂರು, ಕೋಲಾರ, ರಾಮನಗರ, ಚಾಮರಾಜನಗರ, ಹಾಸನದ ಕಡೆಯಿಂದ ರೈತರು ಬಸ್ಸು ಮಾಡಿಕೊಂಡು ಬರುತ್ತಾರೆ. ಮೇಳಕ್ಕೆ ತಿಂಗಳುಗಳ ಮುಂಚೆಯೇ ಅಲ್ಲಿನ ತಾಕುಗಳಲ್ಲಿ ಬಿತ್ತನೆ ಮುಗಿದಿರುತ್ತದೆ. ಆದ್ದರಿಂದ ನಾವು ಹೋಗುವ ಹೊತ್ತಿಗೆ ರಾಗಿ ತೆನೆ ಬಾಗಿಸಿ, ಸೂರ್ಯಕಾಂತಿ ಅರಳಿಸಿ, ಅವರೆ ಹೂ ತೊಟ್ಟು ಹೊಲವೇ ಎದುರು ನಿಂತು ಮಾತಾಡುತ್ತದೆ. ಪಕ್ಕದಲ್ಲಿ ಒಂದೊಂದು ತಳಿಯ ಹೆಸರು ಬರೆದ ಫಲಕ. ಹಳ್ಳಿಕಾರ್ ಎತ್ತು, ಬಂಡೂರು ಕುರಿ ನೋಡಲು ಮಕ್ಕಳು ಮುಗಿಬೀಳುತ್ತಾರೆ. ಗಿರಿರಾಜ ಕೋಳಿಯ ಮುಂದೆ ನಿಂತಾಗ ಮಕ್ಕಳಿಗೆ ಇದು ನಮ್ಮೂರಿನದೇ ಎಂದು ಹೇಳಬಹುದು. ಹಿತ್ತಲಲ್ಲಿ ಸಾಕಬಹುದಾದ ಆ ತಳಿ ರೂಪುಗೊಂಡದ್ದು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ.

ಈ ನೆಲಕ್ಕೂ ಬೇಸಾಯದ ಓದಿಗೂ ನಂಟು ಹಳೆಯದು. 1899ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಪ್ರಯೋಗ ಕ್ಷೇತ್ರಕ್ಕೆಂದು 30 ಎಕರೆ ಜಮೀನು ಕೊಟ್ಟರು. 1913ರಲ್ಲಿ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ ಅಲ್ಲೇ ಕೃಷಿ ಶಾಲೆ ತೆರೆದರು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಹುಟ್ಟಿತು. ರಾಗಿ ಲಕ್ಷ್ಮಣಯ್ಯ ಎಂದೇ ಜನ ಕರೆದ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಪಡೆದ ತಳಿಗಳಿಗೆ 'ಇಂಡಾಫ್' ಎಂದು ಹೆಸರಿಟ್ಟರು. ಆಮೇಲೆ ಜಿಕೆವಿಕೆಯಿಂದ ಬಂದ ಜಿಪಿಯು-28 ಬೆಂಕಿರೋಗ ತಡೆದುಕೊಂಡು ನಮ್ಮ ಸೀಮೆಯ ಹೊಲಗಳಲ್ಲಿ ಬೇರೂರಿತು. ಮೇಳದ ಊಟದ ಮಳಿಗೆಯಲ್ಲಿ ಮುದ್ದೆ ಮುರಿಯುವಾಗ ಈ ನೂರಿಪ್ಪತ್ತೈದು ವರ್ಷದ ಕೆಲಸವನ್ನೇ ನಾವು ಸಾರಿಗೆ ಅದ್ದಿ ನುಂಗುತ್ತೇವೆ. ಈ ಮಾತನ್ನು ಮಕ್ಕಳಿಗೆ ಹೇಳಿಕೊಡಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಭಾನುವಾರ ಜನಸಂದಣಿ ಜಾಸ್ತಿ. ಸಾಧ್ಯವಾದರೆ ಬೆಳಗ್ಗೆ ಬೇಗ ಹೋಗಿ, ಬಸ್ಸಿನಲ್ಲಿ ಹೋಗಿ. ನಡೆಯುವುದು ಬಹಳ ಇರುತ್ತದೆ, ಒಂದು ಟೋಪಿ, ಒಂದು ಬಾಟಲಿ ನೀರು, ಬೀಜದ ಪೊಟ್ಟಣ ಹಾಕಿಕೊಳ್ಳಲು ಒಂದು ಬಟ್ಟೆ ಚೀಲ ಸಾಕು.

ಮೇಳ ಮುಗಿದು ಎರಡು ವಾರ ಕಳೆಯುವಷ್ಟರಲ್ಲಿ ಅವರೆ ಬರುತ್ತದೆ. ಯಶವಂತಪುರದ ಬೀದಿ, ಹಳೇ ಯಲಹಂಕದ ಮುಖ್ಯರಸ್ತೆ, ದೊಡ್ಡಬಳ್ಳಾಪುರ ರಸ್ತೆಯ ಅಂಚು, ಎಲ್ಲಿ ನೋಡಿದರೂ ಗೋಣಿಚೀಲದ ಮೇಲೆ ಹಸಿರು ರಾಶಿ. ಕೊಳ್ಳುವವರು ಮೊದಲು ಒಂದು ಕಾಯಿ ಎತ್ತಿ ಮೂಗಿಗೆ ಹಿಡಿಯುತ್ತಾರೆ. ಸೊಗಡು ಇದೆಯೋ ಇಲ್ಲವೋ ನೋಡುವುದು ಹಾಗೆ. ಸಿಪ್ಪೆಯ ಮೇಲಿನ ಎಣ್ಣೆಯಂಥ ಅಂಟಿನಿಂದ ಆ ವಾಸನೆ ಬರುತ್ತದೆ, ಬೆರಳಿಗೆ ಹತ್ತಿದರೆ ಸೋಪಿಗೂ ಬಗ್ಗುವುದಿಲ್ಲ. ಚಳಿ ಬಿದ್ದು, ಮಂಜು ಕೂತ ಮೇಲೆ ಸೊಗಡು ಏರುತ್ತದೆ ಎನ್ನುತ್ತಾರೆ ಮಾರುವ ಹೆಂಗಸರು.

ಅವರೆ ಏಕೆ ಚಳಿಗಾಲದ ಎರಡು ತಿಂಗಳಲ್ಲೇ ಸುರಿಯುತ್ತದೆ? ನಾಟಿ ಅವರೆ ಹಗಲು ಕುಗ್ಗಿ ರಾತ್ರಿ ಉದ್ದವಾಗುವವರೆಗೆ ಹೂವನ್ನೇ ಬಿಡುವುದಿಲ್ಲ. ಮಳೆಗಾಲದಲ್ಲಿ ಬಿತ್ತಿದ ಗಿಡ ತಿಂಗಳುಗಟ್ಟಲೆ ಎಲೆ, ಬಳ್ಳಿಯನ್ನಷ್ಟೇ ಹಬ್ಬಿಸುತ್ತ ಕಾಯುತ್ತದೆ. ನಮ್ಮ ರೈತರು ಈ ಗುಣವನ್ನು ಅರಿತೇ ಅದನ್ನು ರಾಗಿಯ ಜೊತೆ ಇಟ್ಟರು. ರಾಗಿ ಹೊಲದಲ್ಲಿ ಕೆಲವು ಸಾಲಿಗೊಂದು ಅಕ್ಕಡಿ ಸಾಲು, ಅದರಲ್ಲಿ ಅವರೆ, ಅಲಸಂದೆ, ಹುಚ್ಚೆಳ್ಳು, ತೊಗರಿ. ಮೊದಲು ರಾಗಿ ಕೊಯ್ಲಾಗುತ್ತದೆ. ಬಯಲಾದ ಹೊಲದಲ್ಲಿ ಅವರೆಗೆ ಬೆಳಕೂ ಜಾಗವೂ ಸಿಗುತ್ತದೆ, ಆಗ ಅದು ಹೂ ಬಿಟ್ಟು ಕಾಯಿ ಕಚ್ಚುತ್ತದೆ. ಬೇಳೆಕಾಳಿನ ಗಿಡವಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದು ಮಣ್ಣಿಗೂ ಉಪಕಾರ ಮಾಡುತ್ತದೆ. ಮುದ್ದೆಯೂ ಹಿತಕಿದಬೇಳೆ ಸಾರೂ ನಮ್ಮ ತಟ್ಟೆಯಲ್ಲಿ ಜೋಡಿಯಾಗುವ ಮೊದಲೇ ಒಂದೇ ಹೊಲದಲ್ಲಿ ಅಕ್ಕಪಕ್ಕ ಬೆಳೆದಿದ್ದವು. ಈ ರುಚಿಯ ಜೋಡಿಯನ್ನು ಕಂಡುಹಿಡಿದದ್ದು ಹೊಲ. ಅಡುಗೆಮನೆ ಅದನ್ನು ಒಪ್ಪಿಕೊಂಡಿತು.

ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದಕ್ಕೆ ಕಾಯದೆ ವರ್ಷವಿಡೀ ಕಾಯಿ ಬಿಡುವ ಗಿಡ್ಡ ತಳಿಗಳನ್ನು ತಂದರು. ಅವುಗಳ ಹೆಸರೇ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4. ರೈತನ ಕೈಗೆ ಬೇಸಿಗೆಯಲ್ಲೂ ನಾಲ್ಕು ಕಾಸು ಬರುತ್ತದೆ, ಅದು ದೊಡ್ಡ ಸಂಗತಿ. ಆದರೆ ನನ್ನ ನಾಲಿಗೆ ಡಿಸೆಂಬರಿನ ಸೊಗಡು ಅವರೆಯನ್ನೇ ಕೇಳುತ್ತದೆ. ವರ್ಷದ ಹತ್ತು ತಿಂಗಳು ಸಿಗದೆ ಕಾಯಿಸುವುದರಲ್ಲೂ ಆ ರುಚಿಯ ಒಂದು ಪಾಲು ಇದೆ ಎಂದು ನಾನು ನಂಬುತ್ತೇನೆ.

ಚಳಿಗಾಲದ ಬೆಳಗಿಗೆ ನನ್ನ ಆಯ್ಕೆ ಜಕ್ಕೂರು ಕೆರೆ. ಸುಮಾರು 160 ಎಕರೆಯ ಈ ಕೆರೆಯ ಏರಿಯ ಮೇಲೆ ಆರೂವರೆಗೆ ನಿಂತರೆ ಹೆಜ್ಜಾರ್ಲೆಗಳು ಸಾಲಾಗಿ ನೀರಿಗಿಳಿಯುವುದು ಕಾಣುತ್ತದೆ. ಬಣ್ಣದ ಕೊಕ್ಕರೆ, ನೀರುಕಾಗೆ, ನಾಮದ ಕೋಳಿ, ಜೊಂಡಿನ ನಡುವೆ ನೇರಳೆ ಜೌಗುಕೋಳಿ. ಹೊಸಬರಿಗೆ ಇಷ್ಟೇ ಸಾಕು. ಆದರೆ ಇಲ್ಲಿ ಹಕ್ಕಿಗಿಂತ ಮೊದಲು ನೀರನ್ನು ನೋಡಬೇಕು. ಬೇಸಿಗೆಯಲ್ಲೂ ಈ ಕೆರೆ ಬತ್ತದೆ ಇರುವುದಕ್ಕೆ ಕಾರಣ ಮಳೆ ಒಂದೇ ಅಲ್ಲ. ಯಲಹಂಕದ ಕಡೆಯ ಮನೆಗಳ ಬಚ್ಚಲು ನೀರು ಕೆರೆಯ ತಲೆಯ ಬಳಿಯಿರುವ ಶುದ್ಧೀಕರಣ ಘಟಕಕ್ಕೆ ಬರುತ್ತದೆ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದಿಂದ ಶುರುವಾದ ಘಟಕ ಅದು. ಅಲ್ಲಿಂದ ಹೊರಬಿದ್ದ ನೀರಿನಲ್ಲಿ ಗಲೀಜು ಕಳೆದಿದ್ದರೂ ಸಾರಜನಕ, ರಂಜಕ ಉಳಿದಿರುತ್ತವೆ. ಅದು ನೇರವಾಗಿ ಕೆರೆಗೆ ಬಿದ್ದರೆ ಪಾಚಿ ಉಕ್ಕಿ, ಜಲಕಳೆ ಹಬ್ಬಿ, ಆಮ್ಲಜನಕ ಇಳಿದು ಮೀನು ಸಾಯುತ್ತದೆ. ಹಾಗಾಗದಂತೆ ನಡುವೆ ಒಂದು ಜೌಗು ಮಾಡಿದ್ದಾರೆ. ನೀರು ಅಲ್ಲಿ ನಿಧಾನವಾಗಿ ಹರಿಯುತ್ತದೆ, ಕೆಸರು ತಳಕ್ಕೆ ಕೂರುತ್ತದೆ, ಜೊಂಡು ತನಗೆ ಬೇಕಾದ ಗೊಬ್ಬರವನ್ನು ಹೀರಿಕೊಳ್ಳುತ್ತದೆ, ಬೇರಿಗೆ ಅಂಟಿದ ಸೂಕ್ಷ್ಮಜೀವಿಗಳು ಮಿಕ್ಕಿದ್ದನ್ನು ಒಡೆಯುತ್ತವೆ. ಆಮೇಲೆ ನೀರು ಕೆರೆಗೆ, ತುಂಬಿದ ಮೇಲೆ ಕೆಳಗಿನ ರಾಚೇನಹಳ್ಳಿ ಕೆರೆಗೆ.

ಈ ವ್ಯವಸ್ಥೆ ತಾನಾಗಿ ನಡೆಯುವುದಿಲ್ಲ. ಜೊಂಡನ್ನು ಕಾಲಕಾಲಕ್ಕೆ ಕತ್ತರಿಸಿ ಹೊರಹಾಕಬೇಕು, ಇಲ್ಲದಿದ್ದರೆ ಅದು ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ನೀರಿಗೆ ಹಿಂದಿರುಗಿಸುತ್ತದೆ. ಮಳೆನೀರಿನ ಕಾಲುವೆಗೆ ಯಾರಾದರೂ ಕೊಳಚೆ ಬಿಟ್ಟರೆ ಇಡೀ ಲೆಕ್ಕ ತಪ್ಪುತ್ತದೆ. ಜಲಪೋಷಣ್ ಎಂಬ ನಾಗರಿಕರ ಟ್ರಸ್ಟ್ ಈ ಕೆರೆಯ ಮೇಲೆ ಕಣ್ಣಿಟ್ಟು ಕಾಯುತ್ತ ಬಂದಿದೆ. ವಾಕಿಂಗ್ ಬಂದವರೂ ಒಂದು ಕೈ ಕೊಡಬಹುದು. ನೀರು ಒಳಬರುವ ಜಾಗದಲ್ಲಿ ನೊರೆ ಇದೆಯೇ, ವಾಸನೆ ಬದಲಾಗಿದೆಯೇ, ಹಸಿರು ಬಣ್ಣ ದಿಢೀರನೆ ಗಾಢವಾಗಿದೆಯೇ ಎಂದು ನೋಡಿ ತಿಳಿಸಿದರೆ ಅದೇ ದೊಡ್ಡ ನೆರವು. ದಯವಿಟ್ಟು ಹಕ್ಕಿಗಳಿಗೆ ಬ್ರೆಡ್ಡು, ಮೀನಿಗೆ ಪುರಿ ಎಸೆಯಬೇಡಿ. ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲದ ಸಮೇತ ಬಿಡುವುದನ್ನಂತೂ ಕೈಮುಗಿದು ಬೇಡುತ್ತೇನೆ, ನಿಲ್ಲಿಸಿ.

ಯಲಹಂಕದ ಪುಟ್ಟೇನಹಳ್ಳಿ ಕೆರೆ ಇದಕ್ಕಿಂತ ಬಹಳ ಚಿಕ್ಕದು. 2015ರಲ್ಲಿ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದರು. ನೀರಿನ ನಡುವಿನ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಅಲ್ಲಿ ಗಟ್ಟಿಯಾಗಿ ಮಾತಾಡಬಾರದು.

ಹೆಬ್ಬಾಳ, ನಾಗವಾರ ಕಣಿವೆಯ ಶುದ್ಧೀಕರಿಸಿದ ನೀರಿಗೆ ಇನ್ನೊಂದು ದಾರಿಯೂ ಇದೆ. ದಿನಕ್ಕೆ 21 ಕೋಟಿ ಲೀಟರ್ ನೀರನ್ನು ಪಂಪು ಮಾಡಿ ಬೆಂಗಳೂರಿನ ಉತ್ತರ ಭಾಗ, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ 65 ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಉದ್ದೇಶ ಅಂತರ್ಜಲ ಏರಿಸುವುದು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂದು ಆ ಜಿಲ್ಲೆಗಳ ಜನ ಕೇಳುತ್ತಲೇ ಬಂದಿದ್ದಾರೆ. ಅವರ ಕೇಳಿಕೆ ನ್ಯಾಯವಾದದ್ದು. ಆರ್.ಟಿ. ನಗರದ ನನ್ನ ಬಚ್ಚಲಿನಿಂದ ಹೋದ ನೀರು ಅವರ ಕೊಳವೆಬಾವಿಗೆ ಇಳಿಯುವುದಾದರೆ, ಅವರ ಹೊಲದ ಹೂಕೋಸು, ಟೊಮೆಟೊ, ದ್ರಾಕ್ಷಿ ನನ್ನ ಮನೆಗೆ ಬರುವುದಾದರೆ, ಆ ನೀರು ಎಷ್ಟು ಶುದ್ಧ ಎನ್ನುವುದು ನಮ್ಮಿಬ್ಬರ ಪ್ರಶ್ನೆ.

ಡಿಸೆಂಬರ್, ಜನವರಿಯಲ್ಲಿ ದೂರ ಹೋಗುವ ಮನಸ್ಸಿದ್ದರೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ಪುಷ್ಯ ಶುದ್ಧ ಷಷ್ಠಿಗೆ ಅಲ್ಲಿ ತೇರು. ಅದಕ್ಕೆ ಮೊದಲೇ ಬಯಲಿನಲ್ಲಿ ಪೆಂಡಾಲು ಹಾಕಿ, ಕೊಂಬಿಗೆ ಬಣ್ಣ ಬಳಿದು, ಹಳ್ಳಿಕಾರ್ ಜೋಡಿಗಳನ್ನು ಕಟ್ಟಿರುತ್ತಾರೆ. ಹಲ್ಲು ಎಣಿಸಿ, ಸುಳಿ ನೋಡಿ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ನಿಂತು ನೋಡಬಹುದು. ದೇವಸ್ಥಾನದಲ್ಲಿ ಒಂದೇ ಶಿಲೆಯ ಎದುರು ಬದಿಗೆ ಸುಬ್ರಹ್ಮಣ್ಯ, ಹಿಂಬದಿಗೆ ನರಸಿಂಹ. ಹಿಂದಿನ ದೇವರನ್ನು ಕನ್ನಡಿಯಲ್ಲಿ ನೋಡಿ ಕೈಮುಗಿಯುವುದು ಇಲ್ಲಿನ ರೂಢಿ.

ಫೆಬ್ರುವರಿಯ ಸಂಭ್ರಮ ಆಕಾಶದ್ದು. 1996ರಲ್ಲಿ ಯಲಹಂಕದ ವಾಯುನೆಲೆಯಲ್ಲಿ ಶುರುವಾದ ಏರೋ ಇಂಡಿಯಾ ಈಗ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಕಳೆದ ಬಾರಿ ನಡೆದದ್ದು 2025ರ ಫೆಬ್ರುವರಿ 10ರಿಂದ 14ರವರೆಗೆ. ಟಿಕೆಟು ಇಲ್ಲದವರು ಮನೆಯ ತಾರಸಿಯಿಂದ ನೋಡುತ್ತಾರೆ. ಯಲಹಂಕ, ಜಕ್ಕೂರಿನ ತಾರಸಿಗಳಲ್ಲಿ ಆ ದಿನಗಳಲ್ಲಿ ನೆಂಟರೆಲ್ಲ ಸೇರಿ ಚಿತ್ರಾನ್ನ, ಮೊಸರನ್ನದ ಡಬ್ಬಿ ಬಿಚ್ಚುತ್ತಾರೆ. ಆಗ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಒಳಗೆ ಮಾಂಸದ ಅಂಗಡಿ ಮುಚ್ಚಿಸುವುದೇಕೆ ಎಂದು ಹಲವರು ಕೇಳುತ್ತಾರೆ. ಎಸೆದ ಮಾಂಸದ ಚೂರಿಗೆ ಹದ್ದುಗಳು ಸೇರುತ್ತವೆ, ಹಾರುವ ವಿಮಾನಕ್ಕೆ ಒಂದು ಹದ್ದು ಬಡಿದರೂ ಸಾಕು ಅನಾಹುತವಾಗಲು. ಕಾರಣ ಸರಿಯೇ. ಆದರೆ ಅಷ್ಟೂ ದಿನ ಬಾಗಿಲು ಹಾಕಿದ ಸಣ್ಣ ಅಂಗಡಿಯವರ ದುಡಿಮೆಯನ್ನು ಯಾರಾದರೂ ನೆನೆಯಬೇಕು. ಮತ್ತೆ ತೆರೆದ ಮೊದಲ ಭಾನುವಾರ ಅವರಲ್ಲೇ ಕೊಂಡು ನಾಟಿಕೋಳಿ ಸಾರು ಮಾಡಿ, ಅಷ್ಟನ್ನಾದರೂ ನಾವು ಮಾಡಬಹುದು.

ಬಿಸಿಲು ಏರುವ ಹೊತ್ತಿಗೆ ದೇವನಹಳ್ಳಿ ಕಡೆಯ ನೀಲಿ ದ್ರಾಕ್ಷಿ ರಸ್ತೆಗೆ ಬರುತ್ತದೆ. ಬೀಜವಿರುವ, ಸಿಪ್ಪೆ ದಪ್ಪಗಿರುವ, ಹುಳಿಸಿಹಿಯ ಹಣ್ಣು. ಬೆಂಗಳೂರು ನೀಲಿ ದ್ರಾಕ್ಷಿಗೂ ದೇವನಹಳ್ಳಿ ಚಕ್ಕೋತಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಚಕ್ಕೋತವನ್ನು ಬಿಡಿಸಿ, ಉಪ್ಪು ಖಾರ ಹಚ್ಚಿ ತಿನ್ನಬೇಕು. ಈ ಹಣ್ಣು ಬೆಳೆದ ತೋಟಗಳೆಷ್ಟೋ ಈಗ ಲೇಔಟುಗಳಾಗಿವೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆಯ ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನು ಕೈಬಿಡುವುದಾಗಿ ಪ್ರಕಟಿಸಿದರು. ಆ ದಿನದ ಸುದ್ದಿ ಓದಿದಾಗ ನನಗೆ ಕಂಡದ್ದು ರಾಗಿ, ದ್ರಾಕ್ಷಿ, ರೇಷ್ಮೆ, ಸೊಪ್ಪು ತರಕಾರಿ. ನಮ್ಮ ಭಾನುವಾರಗಳು ನಿಂತಿರುವುದು ಆ ಹೊಲಗಳ ಮೇಲೆ.

ನಂದಿಯ ಆಸೆ ಬಿಡಲಾಗದವರಿಗೆ ರೈಲು ಇದೆ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಮಾರ್ಗ ಒಂದು ಕಾಲಕ್ಕೆ ನ್ಯಾರೋಗೇಜಿನದು, ನೂರು ವರ್ಷ ದಾಟಿದ್ದು. ಅದರಲ್ಲಿ ನಂದಿ ಹಾಲ್ಟ್ ಎಂಬ ಹೆಂಚಿನ ಮಾಡಿನ ಪುಟ್ಟ ನಿಲ್ದಾಣ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಭೋಗನಂದೀಶ್ವರ ದೇವಸ್ಥಾನ. ಬೆಟ್ಟ ಹತ್ತದೆ ಅದರ ಪಾದದಲ್ಲಿ, ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಬುತ್ತಿ ಉಣ್ಣಬಹುದು. ರೈಲಿನ ವೇಳೆಯನ್ನು ಹಿಂದಿನ ದಿನವೇ ನೋಡಿಕೊಳ್ಳಿ.

ಹೋದ ಜನವರಿಯ ಒಂದು ಭಾನುವಾರ ತಂಗಿಯ ಮನೆಯವರೆಲ್ಲ ಜಕ್ಕೂರು ಕೆರೆ ನೋಡಿಕೊಂಡು, ದಾರಿಯಲ್ಲಿ ಐದು ಕೆಜಿ ಸೊಗಡು ಅವರೆ ಹಿಡಿದು ನಮ್ಮ ಮನೆಗೆ ಬಂದರು. ಹಜಾರದಲ್ಲಿ ಪೇಪರ್ ಹಾಸಿ ಎಲ್ಲರೂ ಸುತ್ತ ಕೂತು ಬಿಡಿಸಿದೆವು. ಕಾಳನ್ನು ನೀರಿಗೆ ಹಾಕಿ, ಅವರನ್ನು ಅಂದು ರಾತ್ರಿ ನಮ್ಮಲ್ಲೇ ಉಳಿಸಿಕೊಂಡೆ. ಬೆಳಗ್ಗೆ ಎದ್ದವನೇ ಹುಡುಗ ಪಾತ್ರೆಯ ಮುಂದೆ ಕೂತ. ನೆನೆದ ಕಾಳನ್ನು ಎರಡು ಬೆರಳಲ್ಲಿ ಹಿತುಕಿದರೆ ಬೇಳೆ ಪುಳಕ್ಕನೆ ಹಾರುವುದು ಅವನಿಗೆ ಆಟ. ಅರ್ಧ ನೆಲದ ಮೇಲೆ, ಅರ್ಧ ಬಟ್ಟಲಿನಲ್ಲಿ. ಸ್ಕೂಲಿಗೆ ಹೊತ್ತಾಯಿತೆಂದು ತಂಗಿ ಗದರಿ ಕೈ ತೊಳೆಸಿದಳು. ಅವನು ಬೆರಳು ಮೂಸಿ ನೋಡಿ ಬಂದು, ಒಲೆಯ ಮುಂದಿದ್ದ ನನ್ನ ಮೂಗಿಗೆ ಹಿಡಿದ. "ದೊಡ್ಡಮ್ಮಾ, ಇನ್ನೂ ಹೋಗಿಲ್ಲ!"